ಒಂದೇ ಬಿರುಕಿಗೆ ಎರಡು ಸೆನ್ಸರ್

ಈಶ್ವರ ನಕ್ಕಾಗಲೆಲ್ಲ ಕಾಂಚನಾಗೆ ಅನುಮಾನ ಬರುತ್ತಿತ್ತು. ಅವನೋ ನಗುವುದು ಹೆಚ್ಚು. ಹೀಗಾಗಿ ಅವಳ ಅನುಮಾನಕ್ಕೆ ಪುರುಸೊತ್ತೇ ಇರಲಿಲ್ಲ.

ಅನುಮಾನಕ್ಕೆ ಕಾರಣವೂ ಇತ್ತು. ಬನಹಟ್ಟಿಯಲ್ಲಿ ಅವಳ ಅಪ್ಪ ಬಸಗೊಂಡಪ್ಪನವರ ಪವರ್‌ಲೂಮ್ ಶೆಡ್ಡಿನ ಪಕ್ಕದಲ್ಲೇ ಈಶ್ವರನ ಅಪ್ಪ ಶಿವಯೋಗೆಪ್ಪನವರು ಹೊಸ ಮನೆ ಕಟ್ಟಿಸಿದ್ದರು. ತೇರದಾಳದ ಕಡೆ ಕಬ್ಬಿನ ಹೊಲವಿದ್ದ ದೊಡ್ಡ ರೈತರು. ಮನೆಗೆ ಬಂದು ವರ್ಷ ತುಂಬುವುದರೊಳಗೆ ಹಿಂದಿನ ಗೋಡೆ ಮೇಲಿಂದ ಕೆಳಗಿನವರೆಗೆ ಬಿರುಕು ಬಿಟ್ಟಿತು. ಹಗಲೆಲ್ಲ ಧಡಧಡ ಅನ್ನುವ ಮಗ್ಗಗಳೇ ಇದಕ್ಕೆ ಕಾರಣ, ಅವನ್ನು ಇಲ್ಲಿಂದ ಎತ್ತಿಸುತ್ತೇನೆ, ನಗರಸಭೆಗೆ ಅರ್ಜಿ ಕೊಡುತ್ತೇನೆ ಎಂದು ಅವರು ಪಟ್ಟು ಹಿಡಿದರು. ಹೆದರಿದ ಬಸಗೊಂಡಪ್ಪ ಆಗಲೇ ಎರಡು ಮಗ್ಗ ನಿಲ್ಲಿಸಿದ್ದರು. ಉಳಿದವೂ ನಿಂತರೆ ಆ ಮನೆಗೆ ಬೇರೆ ಬದುಕಿರಲಿಲ್ಲ.

ಇದು ಸಾಲದೆಂಬಂತೆ ಜಮಖಂಡಿಯ ಕಾಲೇಜಿನಲ್ಲಿ ಇಬ್ಬರೂ ಸಿವಿಲ್ ಇಂಜಿನಿಯರಿಂಗ್, ಕೊನೆಯ ವರ್ಷ, ಒಂದೇ ಕ್ಲಾಸು. ಕಟ್ಟಡದ ನಾಡಿ ಹಿಡಿಯುವ ಹೊಸ ಸೆನ್ಸರ್‌ಗಳ ಮೇಲೆ ಪ್ರಾಜೆಕ್ಟ್ ಮಾಡಿ ಎಂದು ಸರ್ ಹೇಳಿದಾಗ ಈಶ್ವರ ಎದ್ದು ನಿಂತು, ನಮ್ಮ ಮನೆಯ ಬಿರುಕನ್ನೇ ಅಳೆಯುತ್ತೇವೆ, ಕಾಂಚನಾ ನನ್ನ ಪಾರ್ಟ್‌ನರ್ ಎಂದುಬಿಟ್ಟ. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಅವಳು ಒಪ್ಪಿದ್ದಾದರೂ ಯಾಕೆ? ಸಾಕ್ಷಿ ಅವನೊಬ್ಬನ ಕೈಯಲ್ಲಿರುವುದು ಬೇಡ ಅಂತ.

ಅವನು ಗೋಡೆಯ ಒಳಮೈಗೆ ಸೆನ್ಸರ್ ಕೂಡಿಸಿದ. ಅದು ಗೋಡೆಯ ನಡುಕವನ್ನೂ ಬಿರುಕಿನ ಅಗಲವನ್ನೂ ಅಳೆದು ಲ್ಯಾಪ್‌ಟಾಪ್‌ಗೆ ಕಳಿಸುತ್ತಿತ್ತು. ದಿನಾ ಸಂಜೆ ಲ್ಯಾಪ್‌ಟಾಪ್ ಹಿಡಿದು ಶೆಡ್ಡಿಗೆ ಬರುತ್ತಿದ್ದ. ಮಗ್ಗದ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಲ್ಲ, ಅವಳ ಕಿವಿಯ ಹತ್ತಿರ ಬಾಗಿ ಗ್ರಾಫ್ ವಿವರಿಸುತ್ತಿದ್ದ. ಇದೂ ಒಂದು ಉಪಾಯವೇ ಇರಬೇಕೆಂದು ಕಾಂಚನಾ ಮೈಯೆಲ್ಲ ಕಣ್ಣಾಗಿ ಕೂರುತ್ತಿದ್ದಳು. ಆದರೂ ಅವನ ಉಸಿರು ಕಿವಿಗೆ ತಾಗಿದಾಗ ಗ್ರಾಫಿನ ಒಂದು ಗೆರೆಯೂ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅದಕ್ಕಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಅಮಾವಾಸ್ಯೆಗೆ ನೇಕಾರರು ಮಗ್ಗ ನಡೆಸುವುದಿಲ್ಲ. ಆ ದಿನ ಬಿರುಕು ಏನು ಮಾಡುತ್ತದೋ ನೋಡಿದರೆ ನಿಜ ತಿಳಿಯುತ್ತದೆ ಎಂದು ಮೊದಲು ಹೇಳಿದವನು ಈಶ್ವರನೇ. ಅಮಾವಾಸ್ಯೆ ಬಂತು, ಹೋಯಿತು. ಕೇಳಿದರೆ ಅವನು ಮುಖ ಆಚೆ ತಿರುಗಿಸಿ, ರೀಡಿಂಗ್ ಸರಿ ಬಂದಿಲ್ಲ, ಇನ್ನೊಂದು ಅಮಾವಾಸ್ಯೆ ಬೇಕು ಎಂದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡದ್ದನ್ನು ಕಾಂಚನಾ ಕಂಡಳು.

ಅವಳು ಸುಮ್ಮನೆ ಕೂರಲಿಲ್ಲ. ಯೂಟ್ಯೂಬ್ ನೋಡಿ ನೋಡಿ ಕಲಿತು, ಆನ್‌ಲೈನ್‌ನಲ್ಲಿ ತರಿಸಿ, ಅದೇ ಬಿರುಕಿನ ಹೊರಮೈಗೆ ತಾನೂ ಒಂದು ಸೆನ್ಸರ್ ಕೂಡಿಸಿದಳು. ಶೆಡ್ಡಿಗೂ ಆ ಗೋಡೆಗೂ ನಡುವಿನ ಸಂದಿಗೆ ಯಾರೂ ಬರುತ್ತಿರಲಿಲ್ಲ.

ಮುಂದಿನ ಅಮಾವಾಸ್ಯೆಗೆ ಶೆಡ್ ಮೌನವಾಗಿತ್ತು. ಬಿರುಕು ಮಾತ್ರ ಎಂದಿನಂತೆ ಅಗಲವಾಯಿತು. ಶಿವಯೋಗೆಪ್ಪನವರು ಹೊಲದಲ್ಲೇ ಉಳಿದ ದಿನಗಳಲ್ಲಿ, ನಿಲ್ಲಿಸದ ಮಗ್ಗಗಳೆಲ್ಲ ನಡೆದರೂ ಅದು ಅಲುಗಲಿಲ್ಲ. ಸಂದಿಯಿಂದ ಕತ್ತು ಚಾಚಿ ಹಿತ್ತಲು ನೋಡಿದಳು. ಶೆಡ್ ದಾಟಿದ ಮೇಲೆ ಅದೇ ಗೋಡೆಯ ಬುಡಕ್ಕೇ ಸಾಲಾಗಿ ಬಾಳೆ, ಬುಡದಲ್ಲಿ ನಿಂತ ನೀರು. ಊರಿಗೆ ಬಂದರೂ ಯಜಮಾನರಿಗೆ ನೀರು ಹಾಯಿಸುವ ಚಟ ಬಿಟ್ಟಿರಲಿಲ್ಲ. ಕೆಳಗೆ ಎರೆಮಣ್ಣು. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲಿನ ಗೋಡೆ ಇನ್ನೇನು ಮಾಡೀತು?

ಕಾಂಚನಾಗೆ ಕುಣಿಯಬೇಕೆನಿಸಿತು. ಮರುಕ್ಷಣವೇ ಈಶ್ವರನ ನೆನಪಾಯಿತು. ಇದೆಲ್ಲ ಅವನಿಗೂ ಕಂಡಿರಲೇಬೇಕಲ್ಲ.

ಸಂಜೆ ಅವನು ಬಂದಾಗ ತನ್ನ ಗ್ರಾಫನ್ನು ಅವನ ಮುಂದಿಟ್ಟಳು.

"ಹೋದ ಅಮಾಸಿಗೇ ನಿಮಗ ಗೊತ್ತಾಗಿತ್ತು, ಹೌದಿಲ್ಲೋ?"

ಅವನ ಮುಖದಲ್ಲಿ ನಗು ಇರಲಿಲ್ಲ. "ಹೂಂ, ಗೊತ್ತಾಗಿತ್ತು."

"ನಿಮ್ಮಪ್ಪನ ಮಾನ ಉಳಸಾಕ ಮುಚ್ಚಿಟ್ಟಿರಿ."

"ಅಪ್ಪನ ಅಂಜಿಕಿ ಇತ್ತು, ಖರೆ. ಆದ್ರ ಅದಷ್ಟ ಅಲ್ಲ." ಅವನು ತಡೆದು ಹೇಳಿದ. "ಹೇಳಿದ್ರ ಪ್ರಾಜೆಕ್ಟ್ ಮುಗೀತಿತ್ತು. ಆಮ್ಯಾಲ ಯಾವ ನೆವ ಮಾಡಿ ದಿನಾ ನಿಮ್ಮನ್ನ ನೋಡಾಕ ಬರಲಿ?"

ಎಷ್ಟೋ ದಿನದಿಂದ ಕಾಂಚನಾ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಕೂಡಲೇ ಅವಳ ಕಣ್ಣು ತುಂಬಿತು, ಅರ್ಧ ಸಂತೋಷಕ್ಕೆ, ಅರ್ಧ ಸಿಟ್ಟಿಗೆ.

"ನೀ ನನ್ನ ನೋಡಕೋತ ಇಲ್ಲಿ ಕುಂತಿ. ಅಲ್ಲಿ ನಮ್ಮಪ್ಪ ನಿಂತ ಮಗ್ಗ ನೋಡಕೋತ ಕುಂತಾನ. ಇಂಥಾ ಪ್ರೀತಿ ನನಗ ಬ್ಯಾಡ."

ಈಶ್ವರ ಎದ್ದು ಹೋದ. ತಪ್ಪಿಸಿಕೊಂಡ ಎಂದುಕೊಂಡಳು ಕಾಂಚನಾ. ಆದರೂ ಮನಸ್ಸು ತಡೆಯದೆ ಸಂದಿಗೆ ಹೋಗಿ ನಿಂತಳು. ಅವನು ಬಾಳೆಯ ಪಕ್ಕದಲ್ಲೇ ಅಪ್ಪನ ಮುಂದೆ ನಿಂತು ಎಲ್ಲ ಹೇಳುತ್ತಿದ್ದ. ಶಿವಯೋಗೆಪ್ಪನವರು ರೇಗಿದರು. ನೇಕಾರರ ಹುಡುಗಿ ನಿನ್ನ ತಲೆ ಕೆಡಿಸಿದ್ದಾಳೆ ಎಂದರು.

"ತಲಿ ಕೆಡಿಸ್ಯಾಳರಿ," ಎಂದ ಈಶ್ವರ. "ಆದ್ರ ಗ್ವಾಡಿ ಕೆಡಿಸಿದ್ದು ಅಕಿ ಅಲ್ಲ. ನಮ್ಮ ನೀರು."

ಹಿರಿಯರು ಬಾಗಿ ಬಾಳೆಯ ಬುಡದ ಮಣ್ಣು ಮುಟ್ಟಿ ನೋಡಿದರು. ಆಮೇಲೆ ತಾವೇ ಹೋಗಿ ನಲ್ಲಿ ಬಂದ್ ಮಾಡಿದರು. ಮರುದಿನ ಬೆಳಗ್ಗೆ ಬಸಗೊಂಡಪ್ಪನವರ ಬಾಗಿಲಿಗೆ ಬಂದು, ಮಗ್ಗ ಶುರು ಮಾಡು ಎಂದಷ್ಟೇ ಹೇಳಿ ಹೋದರು. ತಪ್ಪಾಯಿತು ಎನ್ನಲಿಲ್ಲ, ಅರ್ಜಿಯ ಮಾತನ್ನೂ ಎತ್ತಲಿಲ್ಲ.

ಪ್ರಾಜೆಕ್ಟ್ ಮುಗಿದಿತ್ತು. ಇನ್ನು ಅವನು ಬರುವುದಿಲ್ಲ ಎಂದು ಕಾಂಚನಾ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಸಂಜೆಯವರೆಗೆ ಬಾಗಿಲ ಹತ್ತಿರ ಸುಳಿದಾಡಿದಳು. ಅವನು ಬಂದ. ಕೈಯಲ್ಲಿ ಲ್ಯಾಪ್‌ಟಾಪ್ ಇರಲಿಲ್ಲ. ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವಳ ತಾಯಿ ಶಿವವ್ವ ಇವತ್ತು ಏನು ಕೆಲಸ ಎಂದು ಕೇಳಿದರು. ಅವನು ಹೇಳಿದ. ಎಲ್ಲ ಮಗ್ಗಗಳೂ ನಡೆಯುತ್ತಿದ್ದವು, ಅವರಿಗೆ ಕೇಳಿಸಲಿಲ್ಲ. ಇನ್ನೂ ಜೋರಾಗಿ ಹೇಳಿದ. ಆಗಲೂ ಕೇಳಿಸಲಿಲ್ಲ.

ಬಸಗೊಂಡಪ್ಪ ಮೇನ್ ಸ್ವಿಚ್ ಒತ್ತಿ ಎಲ್ಲ ಮಗ್ಗ ನಿಲ್ಲಿಸಿದರು. "ಈಗ ಹೇಳಪಾ," ಎಂದರು.

ಆ ಮೌನದಲ್ಲಿ ಈಶ್ವರನ ಕಿವಿ ಕೆಂಪಾಯಿತು. "ಕಾಂಚನಾನ್ನ ನೋಡಾಕ ಬಂದೇನ್ರಿ. ನೀವು ಹೂಂ ಅಂದ್ರ ದಿನಾ ಬರತೇನಿ."

ಬಸಗೊಂಡಪ್ಪನವರ ಕೈ ಇನ್ನೂ ಸ್ವಿಚ್ಚಿನ ಮೇಲೇ ಇತ್ತು.

"ಹೂಂ ಅನ್ನಪಾ," ಎಂದಳು ಕಾಂಚನಾ, ಬಾಗಿಲ ಮರೆಯಿಂದ.