ಡಾಕ್ಟರ್ ದನಿಯ ಹುಡುಗ

"ಡಾಕ್ಟರಿಗಿ ಫೋನ್ ಹಚ್ಚೇನಿ, ತಡೀರಿ," ಎಂದು ನಿಷತ ಚೀಟಿಯ ಮೇಲಿದ್ದ ನಂಬರು ಒತ್ತಿ ಮೊಬೈಲನ್ನು ಕಿವಿಗೆ ಹಿಡಿದಳು.

ರಿಂಗಾಗಿದ್ದು ತಾಂಬಾ ಊರಿನ ಡಾಕ್ಟರ ಮೇಜಿನ ಮೇಲಲ್ಲ... ಕೌಂಟರಿನ ಆಚೆ ನಿಂತಿದ್ದ ಹುಡುಗನ ಕಿಸೆಯಲ್ಲಿ!

ಸಿಂದಗಿ ಬಸ್ ನಿಲ್ದಾಣದ ಎದುರಿನ ಆ ಔಷಧ ಅಂಗಡಿಗೆ ನಿಷತ ಫಾರ್ಮಸಿಸ್ಟಾಗಿ ಸೇರಿ ತಿಂಗಳೂ ಆಗಿರಲಿಲ್ಲ. ನೋವಿನ ಕ್ಯಾಪ್ಸೂಲಿನ ಚೀಟಿ ಬಂದರೆ, ಬರೆದ ಡಾಕ್ಟರನ್ನು ಕೇಳದೆ ಒಂದು ಸ್ಟ್ರಿಪ್ಪೂ ಕೊಡುತ್ತಿರಲಿಲ್ಲ. ಅದೇ ಕ್ಯಾಪ್ಸೂಲು ನುಂಗಿ ನಿಲ್ದಾಣದ ಗೋಡೆಯ ಹಿಂದೆ ಹಗಲಿಡೀ ತೂಗುತ್ತ ಕೂರುವ ಹುಡುಗರನ್ನು ದಿನಾ ನೋಡುತ್ತಿದ್ದಳಲ್ಲ!

ಹುಡುಗ ಮೆಲ್ಲಗೆ ಬೆನ್ನು ತಿರುಗಿಸಿದ. ಮರುಕ್ಷಣ ಅವಳ ಕಿವಿಯಲ್ಲಿ ಅರವತ್ತು ದಾಟಿದ ಗೊಗ್ಗರು ದನಿ, ಕೆಮ್ಮಿನ ಸಮೇತ!

"ಹಾಂ... ಡಾಕ್ಟರ್ ಬಸಂತರಾಯ ಮಾತಾಡಾಕತ್ತೇನಿ. ನಿಯಾಜಗ ಎರಡು ಸ್ಟ್ರಿಪ್ ಕೊಡವ್ವಾ. ಪಾಪ, ಭಾಳ ಛಲೋ ಹುಡುಗ!"

"ಡಾಕ್ಟರ್ ಸಾಹೇಬ್ರ, ನಿಮ್ಮ ಅಂಗಿ ಬೆನ್ನಾಗ ಹರದೈತಿ ನೋಡ್ರಿ!"

ನಿಯಾಜ ತಿರುಗಿದ. ಬೆವರಿದ ಮುಖ, ಸೋರುವ ಮೂಗು, ನಡುಗುವ ಬೆರಳು. ನಗಲು ಹೊರಟ ನಿಷತ ನೀರಿನ ಬಾಟಲಿ ಅವನ ಮುಂದಿಟ್ಟಳು.

"ಎರಡು ವರ್ಷದ ಹಿಂದ ನನ್ನ ಕ್ರೂಸರ್ ಗಾಡಿ ಪಲ್ಟಿ ಆಗಿ ಕಾಲು ಮುರೀತ್ರಿ. ಹತ್ತು ದಿನಕ್ಕಂತ ಈ ಗುಳಿಗಿ ಬರದ್ರು. ಕಾಲು ಕೂಡ್ತು... ಗುಳಿಗಿ ಬಿಡಲಿಲ್ಲ."

ಅದನ್ನೂ ಅವನು ಬಸ್ ಕಂಡಕ್ಟರನ ದನಿಯಲ್ಲೇ ಹೇಳಿದ!

"ಪೊಲೀಸರಿಗಿ ಹೇಳಾಂಗಿಲ್ಲ," ಎಂದಳು ನಿಷತ, ಸುಳ್ಳು ಚೀಟಿಯನ್ನು ಡ್ರಾವರಿಗೆ ಹಾಕುತ್ತ. "ಬಿಜಾಪುರ ದವಾಖಾನ್ಯಾಗ ಇದನ್ನ ಬಿಡಿಸಾಕ ಔಷಧ ಕೊಡ್ತಾರ. ದಿನಾ ಹೋಗು. ಬಂದು ದವಾಖಾನಿ ಕಾರ್ಡ್ ತೋರಸು!"

ಅವನು ಹೋದ! ದಿನವೂ ನಾಲ್ಕರ ಬಸ್ಸಿಗೆ ಇಳಿದು, ಕಾರ್ಡು ತೋರಿಸಿ, ಒಂದು ದನಿ ಬಿಟ್ಟು ಹೋಗುತ್ತಿದ್ದ. ಒಂದು ದಿನ ಸಂತೆಯಲ್ಲಿ ಕುರಿ ಮಾರುವವನು, ಮರುದಿನ ಸ್ವತಃ ಕುರಿ! ಬಸ್ಸು ತಡವಾದ ದಿನ ನಿಲ್ದಾಣದ ಮೈಕಿನ ಹೆಣ್ಣುದನಿ:

"ಪ್ರಯಾಣಿಕರ ಗಮನಕ್ಕ! ಬಿಜಾಪುರದ ಬಸ್ಸು ದೇವರ ಹಿಪ್ಪರಗಿಯಾಗ ಚಾ ಕುಡ್ಯಾಕತ್ತಿತ್ತು!"

ಮೂರೂವರೆಯಿಂದಲೇ ನಿಷತಳ ಕಣ್ಣು ಗಡಿಯಾರದ ಮೇಲೆ. ‘ಯಾ ಅಲ್ಲಾ... ಗುಳಿಗೆ ಕೇಳಲು ಬಂದವನು ಗುಂಡಿಗೆಗೇ ಕೈ ಹಾಕಿದನಲ್ಲ!’

ಮೂವತ್ತಾರನೆಯ ದಿನ ಅವನು ಬರಲಿಲ್ಲ.

ಮರುದಿನವೂ ಇಲ್ಲ. ಅವಳ ಬಳಿ ಇದ್ದದ್ದು ಸುಳ್ಳು ಚೀಟಿಯ ಮೇಲಿನ ಅದೊಂದೇ ನಂಬರು. ಹಚ್ಚಿದರೆ ಸ್ವಿಚ್ ಆಫ್! ಅಂಗಡಿ ಬಿಟ್ಟು ಓಡಿ ಗೋಡೆಯ ಹಿಂದೆ ಇಣುಕಿದಳು. ಅಲ್ಲೂ ಇರಲಿಲ್ಲ.

ಐದನೆಯ ದಿನ ಅಂಗಡಿಯ ಫೋನು ರಿಂಗಾಯಿತು. ಅದೇ ಗೊಗ್ಗರು ದನಿ, ಅದೇ ಕೆಮ್ಮು!

"ಹಾಂ... ಡಾಕ್ಟರ್ ಬಸಂತರಾಯ ಮಾತಾಡಾಕತ್ತೇನಿ. ನಮ್ಮೂರ ಸಾತವ್ವಗ ಸೊಂಟದ ಎಲುಬು ಮುರದೈತಿ. ನೋವಿನ ಕ್ಯಾಪ್ಸೂಲ ಒಂದು ಸ್ಟ್ರಿಪ್..."

ನಿಷತ ಕೈಯಲ್ಲಿದ್ದ ಪೆನ್ನು ಬಿಸಾಕಿದಳು. ನಿಯಾಜ ಮತ್ತೆ ಚಟಕ್ಕೆ ಬಿದ್ದನೇ?

"ನಾಚಿಕಿ ಆಗಾಂಗಿಲ್ಲೇನು ನಿನಗ? ಮತ್ತ ಅದನ್ನ ನುಂಗಾಕತ್ತಿಯೇನು? ನಾಕು ಗಂಟೆ ಆದ್ರ ನನ್ನ ಜೀವ ಬಸ್ಸಿನ ಗಾಲಿಗಿ ಕಟ್ಟಿರ್ತೇನಿ! ನಿನ್ನ ಮ್ಯಾಲೆ ಮನಸ್ಸಿಟ್ಟ ನಾ ಹುಚ್ಚಿ... ಬಾಯಿ ಬಿಡೋ!"

ಆ ಕಡೆಯಿಂದ ಒಂದು ಸಣ್ಣ ಕೆಮ್ಮು.

"ತಂಗೀ... ನಾ ಖರೇನ ಬಸಂತರಾಯ. ನನಗ ಲಗ್ನ ಆಗಿ ನಲವತ್ತು ವರ್ಷ ಆತು."

ಅಯ್ಯೋ ಅಲ್ಲಾ! ಭೂಮಿ ಬಾಯಿಬಿಡಬಾರದೇ!

"ನಿನ್ನ ಸಿಟ್ಟು ಯಾರ ಮ್ಯಾಲಂತ ತಿಳೀತು ಬಿಡು," ಡಾಕ್ಟರು ನಕ್ಕರು. "ನಿಯಾಜ ನನ್ನ ಹತ್ರ ಬಂದು, ನನ್ನ ದನಿಯಾಗನ ತಪ್ಪಾತು ಅಂದ. ಚೀಟಿ ಮ್ಯಾಲಿನ ಆ ನಂಬರಿನ ಸಿಮ್ ನನ್ನ ಮುಂದನ ಮುರದ; ನಿನ್ನ ನಂಬರೂ ಅದರಾಗನ ಹೋತು. ಅವನ ಗೆಳೆಯ ಯಲ್ಲಾಲಿಂಗ ಇಂಡಿ ಊರಾಗ ಕ್ಯಾಪ್ಸೂಲ ಹೆಚ್ಚು ನುಂಗಿ ಬಿದ್ದಿದ್ದ. ಅವನ್ನ ಹೊತ್ಕೊಂಡು ಬಿಜಾಪುರಕ್ಕ ಒಯ್ದಾವ ನಿಯಾಜ. ಐದು ದಿನದಿಂದ ಅವನ ಕಾಟಿನ ಬಾಜೂಕ ಕುಂತಾನ. ಗೆಳೆಯ ಉಳದಾನ ಅಂತ ಇವತ್ತ ದವಾಖಾನ್ಯಾಗಿಂದ ನನಗ ಫೋನ್ ಮಾಡಿದ್ದ... ನೀ ಅಂದದ್ದು ಹೇಳಲೇನು?"

"ಬ್ಯಾಡ್ರೀ ಸರ್! ನಿಮ್ಮ ಕಾಲ ಬೀಳ್ತೇನಿ!"

"ಆತವ್ವಾ, ಹೇಳಾಂಗಿಲ್ಲ."

ಹೇಳಿಯೇಬಿಟ್ಟರು!

ಮರುದಿನ ನಾಲ್ಕರ ಬಸ್ಸಿನಿಂದ ನಿಯಾಜ ಇಳಿದ. ಕೆಂಪೇರಿದ ನಿಷತಳ ಮುಖ ನೋಡಿದ್ದೇ ಮೈಕಿನ ದನಿ ತೆಗೆದ. "ಪ್ರಯಾಣಿಕರ ಗಮನ..."

"ಸಾಕು! ಎಲ್ಲಾರ ದನಿ ಕೇಳೇನಿ. ನಿನ್ನ ದನಿ ಒಮ್ಮಿನೂ ಕೇಳಿಲ್ಲ."

ಅವನು ತಬ್ಬಿಬ್ಬಾದ. ತೆಳ್ಳನೆಯ, ಅಲ್ಲಲ್ಲಿ ಒಡೆಯುವ ಒಂದು ದನಿ ಹೊರಬಂತು.

"ನಂದು... ಅಷ್ಟು ಛಲೋ ಇಲ್ಲ, ನಿಷತ."

"ಇರಲಿ. ಮಾತಾಡು."

ಅವನು ಕಿಸೆಯಿಂದ ಒಂದು ಸ್ಟ್ರಿಪ್ ತೆಗೆದು ಕೌಂಟರಿನ ಮೇಲಿಟ್ಟ. ಹಿಡಿದು ಹಿಡಿದು ಮುದ್ದೆಯಾಗಿತ್ತು. ಒಂದು ಕ್ಯಾಪ್ಸೂಲೂ ಕಡಿಮೆಯಾಗಿರಲಿಲ್ಲ.

"ಯಲ್ಲಾಲಿಂಗನ ಕಿಸೆದಾಗ ಸಿಕ್ತು. ಐದು ದಿನ ಚೆಲ್ಲಾಕೂ ಆಗಲಿಲ್ಲ... ನುಂಗಲೂ ಇಲ್ಲ. ನೀ ಅಂದ್ರ ನನಗ ಜೀವ. ಆದ್ರ ನಾಳಿಂದು ಹೇಳಾಕ ಬರಾಂಗಿಲ್ಲ. ನಿನಗಿನ್ನ ಸುಳ್ಳು ಹೇಳಾಂಗಿಲ್ಲ."

ನಿಷತ ಡ್ರಾವರಿನಿಂದ ಹಳೆಯ ಸುಳ್ಳು ಚೀಟಿ ತೆಗೆದು ಪರಪರನೆ ಹರಿದಳು. ಅವನ ಬೆರಳುಗಳನ್ನು ಹಿಡಿದು ನೋಡಿದಳು. ಇನ್ನೂ ಸ್ವಲ್ಪ ನಡುಗುತ್ತಿದ್ದವು. ಬಿಡಲಿಲ್ಲ.

"ನಾಳಿಂದು ನಾಳಿ ಕೇಳ್ತೇನಿ. ನಾಕರ ಬಸ್ಸಿಗಿ ಬಾ."

"ಬಸ್ಸು ತಡ ಆದ್ರ?"

"ದೇವರ ಹಿಪ್ಪರಗಿಯಾಗ ಚಾ ಕುಡ್ಯಾಕತ್ತೈತಿ ಅಂತ ತಿಳ್ಕೋತೇನಿ... ಕಾಯ್ತೇನಿ."