ಮಖಮಲ್ ಎಲೆಯ ಮರಿ

ಒತಿಲಿಯಾ "ಕೊಡಲ್ಲ" ಎಂದಾಗ ಎದೆಲ್ಮಿರಾಗೆ ಕಪಾಳಕ್ಕೆ ಹೊಡೆದಂತಾಯಿತು. ಕೇಳಿದ್ದೇನು ಚಿನ್ನವೇ? ಒಂದು ಆಂಥೂರಿಯಂ ಗಿಡದ ಮರಿ. ಅದೂ ಯಾರ ಗಿಡ? ಎದೆಲ್ಮಿರಾಳ ಅಮ್ಮ ಕಾಡಂಚಿನಿಂದ ತಂದು ಸಾಕಿದ್ದು. ಎಲೆ ಕಡುಹಸಿರು ಮಖಮಲ್, ನರಗಳು ಬೆಳ್ಳಿದಾರದ ಕಸೂತಿ. ಒತಿಲಿಯಾ ಹೊಸ ಮದುಮಗಳಾಗಿ ಪಕ್ಕದ ಮನೆಗೆ ಬಂದ ವರ್ಷ ಅದರಿಂದ ಒಂದು ಮರಿಯನ್ನು ಶಾಲಿನಡಿ ಸೇರಿಸಿಕೊಂಡು ಹೋಗಿದ್ದಳು. ಅಮ್ಮ ಅಲ್ಲೇ ಬೆನ್ನು ಹಾಕಿ ಮೆಕ್ಕೆಜೋಳದ ಅರೆಪಾ ರೊಟ್ಟಿ ಸುಡುತ್ತಿದ್ದಳು, ಪಾಪ, ಅವಳಿಗೆ ಗೊತ್ತೇ ಆಗಲಿಲ್ಲ. ಈಗ ಅಮ್ಮನೂ ಇಲ್ಲ, ತಾಯಿಗಿಡವೂ ಇಲ್ಲ. ಅಮ್ಮನ ಕೈ ಮುಟ್ಟಿದ ಹಸಿರೆಂದು ಉಳಿದದ್ದು ಒತಿಲಿಯಾಳ ಮೊಗಸಾಲೆಯಲ್ಲಿ ಮಾತ್ರ.

"ನೀನು ಪ್ರೀತಿ ಅಂತ ದಿನಾ ನೀರು ಸುರೀತೀಯ ಕಣೇ," ಎಂದಿದ್ದಳು ಒತಿಲಿಯಾ. "ಬೇರು ಕೊಳೆಸಿ ತಾಯಿಗಿಡಾನ ಕೊಂದಿದ್ದು ಸಾಲ್ದಾ?"

ಅಷ್ಟು ಅಂದವಳೇ ಮರುದಿನ ನಾಚಿಕೆಯಿಲ್ಲದೆ ಬಂದು, ಕತ್ತರಿ ಬಿಗಿಯಾಗಿದೆ, ಒಂದಿಷ್ಟು ಹೊಲಿಗೆ ಯಂತ್ರದ ಎಣ್ಣೆ ಕೊಡು ಎಂದಳು. ಎದೆಲ್ಮಿರಾ ಕೊಟ್ಟಳು. ತಾನು ಹೊಲಿಯುವ ಬಟ್ಟೆಗೆ ಎಣ್ಣೆಯ ಕಮಟು ಹತ್ತದಿರಲೆಂದು ಲವಂಗ ಹಾಕಿಟ್ಟ ಎಣ್ಣೆ, ಕಾಫಿ ಗುಡ್ಡದ ಆ ಊರಲ್ಲಿ ಇನ್ನೊಬ್ಬರ ಬಳಿ ಇಲ್ಲ. ಒತಿಲಿಯಾಗೆ ಕೇಳಲು ಬಾಯಿ ಬರುತ್ತದೆ, ಕೊಡಲು ಕೈ ಬರುವುದಿಲ್ಲ. ಆ ಗಳಿಗೆಯಲ್ಲೇ ಎದೆಲ್ಮಿರಾ ಕಳ್ಳತನಕ್ಕೆ ಮನಸ್ಸು ಮಾಡಿದಳು.

ಪಾಪದ ಪ್ರಶ್ನೆಯೇ ಬರಲಿಲ್ಲ. ಕೇಳಿ ಪಡೆದ ಗಿಡ ಸೊರಗುತ್ತದೆ, ಕದ್ದದ್ದು ಚಿಗುರುತ್ತದೆ. ಇದು ಊರಿನ ಮಕ್ಕಳಿಗೂ ಗೊತ್ತು. ಹಾಗೆ ಅಪ್ಪಿತಪ್ಪಿ ಯಾರಾದರೂ ಕೊಟ್ಟರೆ ಉಪಕಾರವಾಯಿತು ಅನ್ನಬಾರದು, ಅಂದರೆ ಗಿಡ ಸಾಯುತ್ತದೆ. ಮೇಲಾಗಿ ಕಳ್ಳಿಯ ಮನೆಯಿಂದ ಕದಿಯುವುದನ್ನು ಯಾವ ಪಾದ್ರಿ ತಪ್ಪೆನ್ನುತ್ತಾನೆ?

ಅಡ್ಡಿಯೆಂದರೆ ಒತಿಲಿಯಾಳ ಕಬ್ಬಿಣದ ಗೇಟು. ಮುಟ್ಟಿದರೆ ಇಡೀ ಬೀದಿ ತಿರುಗಿ ನೋಡುವಂತೆ ಕಿರುಚುತ್ತಿತ್ತು. ಎದೆಲ್ಮಿರಾ ಅದಕ್ಕೂ ದಾರಿ ಕಂಡುಕೊಂಡಳು. ಸಂಜೆಯ ಜಪಮಾಲೆ ಪ್ರಾರ್ಥನೆಗೆ ಬೀದಿಗೆ ಬೀದಿಯೇ ಚರ್ಚಿಗೆ ಹೋಗುತ್ತದೆ. ತಾನು ತಲೆನೋವೆಂದು ಉಳಿಯುವುದು. ಗಂಟೆ ಹೊಡೆದಾಗ ಆ ಸದ್ದಿನೊಳಗೆ ಗೇಟು ತಳ್ಳುವುದು. ಮರಿ ಮುರಿದ ಗಾಯ ಕಾಣದಂತೆ ಹಾವಸೆ ಮುಚ್ಚುವುದು.

ಎಲ್ಲವೂ ಅಂದುಕೊಂಡಂತೆ ನಡೆಯಿತು. ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ನಡೆಯಿತು ಅನ್ನಬೇಕು. ಗಂಟೆಯ ಜತೆ ತಳ್ಳಿದರೆ ಗೇಟು ಉಸಿರೂ ಎತ್ತಲಿಲ್ಲ. ದೇವರು ನ್ಯಾಯದ ಕಡೆಗಿದ್ದಾನೆ ಎಂದುಕೊಂಡಳು. ಮರಿಯೂ ಬೆಣ್ಣೆಯೊಳಗಿನ ಕೂದಲಿನಂತೆ ಬೇರುಸಹಿತ ಎದ್ದು ಬಂತು, ಮುಚ್ಚಲು ಗಾಯವೇ ಇರಲಿಲ್ಲ. ತನ್ನ ಕೈಚಳಕಕ್ಕೆ ತಾನೇ ಬೀಗುತ್ತ ಅದನ್ನು ಶಾಲಿನಡಿ ಸೇರಿಸಿದಳು, ಮನೆಗೆ ಬಂದು ಅಮ್ಮನ ಹಳೆಯ ಕುಂಡದಲ್ಲಿ ಇದ್ದಿಲು, ತೊಗಟೆ ಬೆರೆಸಿ ನೆಟ್ಟು ನೆರಳಲ್ಲಿಟ್ಟಳು. ಕಣ್ಣು ತುಂಬಿ ಬಂತು. ನೀರಿನ ತಂಬಿಗೆಗೆ ಕೈ ಹಾಕುವಷ್ಟರಲ್ಲಿ ಗೋಡೆಯಾಚೆಯಿಂದ, ಪ್ರಾರ್ಥನೆ ಮುಗಿಸಿ ಬಂದ ಒತಿಲಿಯಾಳ ದನಿ ಕೇಳಿತು.

"ಎದೆಲ್ಮಿರಾ, ನಮ್ಮನೇಲಿ ಕಳ್ಳತನ ಆಗಿದೆ ಮಾರಾಯ್ತಿ. ಆಂಥೂರಿಯಂ ಮರಿ ಹೋಯ್ತು."

ಎದೆಲ್ಮಿರಾ ತಂಬಿಗೆ ಬಿಟ್ಟು ಗೋಡೆಯ ಬಳಿ ಹೋದಳು. "ಅಯ್ಯೋ ಪಾಪ. ಯಾರ ಕೆಲಸಾನೋ?"

"ಯಾರೋ ಏನೋ. ಕದ್ದವರಿಗೆ ಸ್ವಲ್ಪ ಬುದ್ಧಿ ಇದ್ರೆ ಇವತ್ತು ನೀರು ಹಾಕ್ಬಾರ್ದು. ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ರೆ ಮಾತ್ರ ಮಳೆನೀರು ಹಾಕ್ಬೇಕು."

ಬೆರಗಾದವಳಂತೆ ಎದೆಲ್ಮಿರಾ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಗೇಟು ತಳ್ಳಿದ ಕೈ ಅದು. ಅಂಗೈ ಜಿಡ್ಡಾಗಿತ್ತು, ಮೂಗಿಗೆ ಘಮ್ಮೆಂದು ಲವಂಗದ ವಾಸನೆ ಬಡಿಯಿತು. ಗೋಡೆಯಾಚೆ ಒತಿಲಿಯಾ ಆಗಲೇ ಬೆನ್ನು ತಿರುಗಿಸಿ, ಅಮ್ಮ ಅರೆಪಾ ಸುಡುತ್ತಿದ್ದಂತೆ, ಏನನ್ನೂ ಕಾಣದವಳ ಹಾಗೆ ಎಲೆ ಒರೆಸುತ್ತಿದ್ದಳು. ಉಪಕಾರವಾಯಿತು ಎಂಬ ಮಾತು ನಾಲಗೆಯ ತುದಿಗೆ ಬಂತು. ಗಿಡ ಸತ್ತೀತೆಂದು ಎದೆಲ್ಮಿರಾ ಅದನ್ನು ನುಂಗಿಕೊಂಡಳು. "ಹಾಳಾದ ಕಳ್ಳರು," ಎಂದಳು.