ಟ್ಯಾಬಿನಲ್ಲಿ ಬಂದ ವರ

"ರೀ ತೀರ್ಥೇಶ್, ನಿಮಗೆ ಮರ್ಯಾದೆ ಅನ್ನೋದು ಇದೆಯಾ?"

ಫೋನ್ ಎತ್ತಿದ ಕೂಡಲೇ ಸ್ಪಂದನ ಕೇಳಿದ ಮೊದಲ ಮಾತೇ ಇದು. ಶಿಕಾರಿಪುರ ಬಸ್ ಸ್ಟ್ಯಾಂಡ್ ಎದುರಿನ ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ ತೀರ್ಥೇಶ ನೆಟ್ಟಗೆ ಕೂತ. ಇದೆ ಅನ್ನಬೇಕೋ, ಇಲ್ಲ ಅನ್ನಬೇಕೋ? ಯಾವುದನ್ನು ಹೇಳಿದರೆ ಅವಳು ಫೋನ್ ಇಡುವುದಿಲ್ಲವೋ ಅದನ್ನು ಹೇಳಲು ಅವನು ತಯಾರಿದ್ದ.

"ಏನಾತ್ರೀ?"

"ಏನಾಯ್ತಾ? ಹದಿನೆಂಟು ಜನ ಹೆಂಗಸರು ಚಾಪೆ ಮೇಲೆ ಸುತ್ತ ಕೂತಿದ್ರು. ಮಧ್ಯದಲ್ಲಿ ಟ್ಯಾಬ್ ಇಟ್ಕೊಂಡು, ನೆರೆಗುಳಿ ಭತ್ತದ ಬೀಜ ಯಾರ ಮನೇಲಿದೆ ಅಂತ ತೋರಿಸ್ತಾ ಇದ್ದೆ. ಪೇಟ ಸುತ್ಕೊಂಡ ಒಬ್ಬ ಗಂಡು ಸ್ಕ್ರೀನ್ ತುಂಬಾ ಬಂದು ನಿಂತ. 'ನಿಮಗೆ ತಕ್ಕ ವರ ಹತ್ತಿರದಲ್ಲೇ ಇದ್ದಾನೆ.' ಕೆಳಗೆ, 'ಒಪ್ಪಿಗೆಯೇ?' ಅಂತ ಬಟನ್ನು. ಲೋಕಮ್ಮತ್ತೆ ನನ್ನ ಬೆರಳು ಹಿಡಿದು ಒತ್ತಿಸಿಯೇ ಬಿಟ್ರು!"

ತೀರ್ಥೇಶನ ಗಂಟಲಲ್ಲಿ ಮಂಡಕ್ಕಿ ಅಲ್ಲೇ ನಿಂತಿತು.

"ಹೇಳೋದಿದ್ರೆ ಎದುರಿಗೆ ಬಂದು ಹೇಳ್ಬೇಕಪ್ಪ. ಹೀಗಾ ಆ್ಯಪ್ ಒಳಗೆ ಅಡಗಿ ಕೂತು ಕೇಳೋದು? ಅಮ್ಮನೂ ಅಲ್ಲೇ ಇದ್ರು, ಗೊತ್ತಾ?"

ಬೈಗುಳವೇನೋ ಬೈಗುಳವೇ. ಆದರೆ ಕೊನೆಗೆ ಬರುವಷ್ಟರಲ್ಲಿ ದನಿ ಯಾಕೋ ಮೆತ್ತಗಾಗಿತ್ತು. ಆಗ ಅವನಿಗೆ ಹೊಳೆಯಿತು. ಅಯ್ಯೋ ದೇವರೇ, ಆ ವರನನ್ನು ತಾನೇ ತಮಾಷೆಗೆ ಇಟ್ಟಿದ್ದು ಅಂದುಕೊಂಡಿದ್ದಾಳೆ!

ಅಲ್ಲ ಅನ್ನಬೇಕಿತ್ತು. ಎರಡೇ ಅಕ್ಷರ. ಅದರ ಬದಲು ಪುಣ್ಯಾತ್ಮ ಕೇಳಿದ್ದೇನು ಗೊತ್ತೇ?

"ಬೇಜಾರಾತೇನ್ರೀ?"

"ಆಗಬೇಕಿತ್ತು," ಎಂದು ಫೋನ್ ಇಟ್ಟಳು.

ನಿಜ ಏನೆಂದರೆ, ಆ ವರನಿಗೂ ತೀರ್ಥೇಶನಿಗೂ ಯಾವ ಸಂಬಂಧವೂ ಇರಲಿಲ್ಲ. ಅದು ಯಾವುದೋ ಮದುವೆ ಕಂಪನಿಯ ಜಾಹೀರಾತು. ಇರಲೇಬಾರದ ಜಾಗದಲ್ಲಿ ಇದ್ದ ಜಾಹೀರಾತು.

ಇಬ್ಬರ ಪರಿಚಯವಾಗಿದ್ದು ನಾಲ್ಕು ತಿಂಗಳ ಹಿಂದೆ, ಸೊರಬದ ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ. ಸ್ಪಂದನ ಅಲ್ಲಿ ಟೈಪಿಂಗ್ ಮಾಡುತ್ತಿದ್ದಳು. ವಿಸಿಟಿಂಗ್ ಕಾರ್ಡ್ ಮಾಡಿಸಲು ಹೋದವನ ಹೆಸರಿನ ಕೆಳಗೆ 'ಆ್ಯಪ್ ಡೆವಲಪರ್' ಎಂದು ಟೈಪ್ ಮಾಡುತ್ತಾ ಅವಳು ಕಣ್ಣೆತ್ತಿ ನೋಡಿದಳು. ಕೈ ಕೀಬೋರ್ಡಿನ ಮೇಲೇ ಇತ್ತು, ಹುಬ್ಬು ಮಾತ್ರ ಮೇಲೇರಿತ್ತು.

"ಆ್ಯಪ್ ಎಲ್ಲಾ ಪುಕ್ಕಟೆ ಸಿಗುತ್ತಲ್ರೀ. ನೀವು ಊಟಕ್ಕೇನು ಮಾಡ್ತೀರಿ?"

ಹುಡುಗಿಯರು ಕೇಳುವ ಪ್ರಶ್ನೆಗಳಲ್ಲಿ ಇದಕ್ಕೊಂದಕ್ಕೆ ಅವನ ಹತ್ತಿರ ಉದ್ದದ ಉತ್ತರವಿತ್ತು. ಪುಕ್ಕಟೆ ಕೊಟ್ಟು ನಡುವೆ ಜಾಹೀರಾತು ತೋರಿಸಿದರೆ ಜಾಹೀರಾತಿನವರು ಚಿಲ್ಲರೆ ಕೊಡುತ್ತಾರೆ. ಇಲ್ಲವೇ ಬಳಸುವವರ ಹತ್ತಿರವೇ ಒಂದು ಸಲ ದುಡ್ಡು ತೆಗೆದುಕೊಳ್ಳಬೇಕು. ಇಲ್ಲವೇ ವರ್ಷ ವರ್ಷ. ಅವಳು ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ಆ ಮಧ್ಯಾಹ್ನ ಶಿಕಾರಿಪುರದ ಎರಡು ಬಸ್ಸುಗಳು ಅವನನ್ನು ಬಿಟ್ಟು ಹೋದವು.

ಅವಳ ಊರು ಹೊಸಬಾಳೆಯಲ್ಲಿ ತಾಯಿ ವರದಮ್ಮನವರದೊಂದು ಬೀಜ ಸಂಘ. ಊರಿನ ಹಳೇ ಭತ್ತದ ತಳಿಗಳನ್ನು ಮನೆಮನೆಯಲ್ಲಿ ಕಾಪಾಡಿಕೊಂಡು ಬಂದಿದ್ದಕ್ಕೆ ಬಹುಮಾನ ಬಂದಿತ್ತು. ಆ ದುಡ್ಡಿನಲ್ಲಿ ಒಂದು ಟ್ಯಾಬ್ ಕೊಂಡಿದ್ದರು. ಯಾರ ಮನೆಯಲ್ಲಿ ಯಾವ ಬೀಜ ಎಂದು ಫೋಟೋ ಸಮೇತ ತೋರಿಸುವ ಆ್ಯಪ್ ಬೇಕಾಗಿತ್ತು.

"ಫೋನಿನ ಆ್ಯಪನ್ನೇ ಟ್ಯಾಬಿಗೆ ತಂದು ಕೂರಿಸೋದು ಬೇರೆ, ಟ್ಯಾಬಿಗೇ ಅಂತ ಹೊಸದಾಗಿ ಬರಿಯೋದು ಬೇರೆ ಕಣ್ರೀ," ಅಂದಿದ್ದ ತೀರ್ಥೇಶ. "ನಾನು ಮಾಡೋದು ಎರಡನೇದು. ನಿಮ್ ಸಂಘದೋರು ದುಡ್ಡು ಕೊಡ್ತಾರ. ಅಂದ್ಮ್ಯಾಲೆ ಜಾಹೀರಾತೂ ಇರಲ್ಲ."

ಎಷ್ಟು ಚೆಂದ ಹೇಳಿದ್ದ! ಮಾಡಿದ್ದು ಮಾತ್ರ ಮೊದಲನೆಯದು. ಅವನದೇ ಒಂದು ಹಳೇ ಫೋನ್ ಆ್ಯಪ್ ಇತ್ತು, ಮನೆ ಸಾಮಾನಿನ ಪಟ್ಟಿ ಬರೆದಿಡುವಂಥದ್ದು. ಬೇಳೆ, ಬೆಲ್ಲ ಇದ್ದ ಕಡೆ ರಾಜಮುಡಿ, ಗಂಧಸಾಲೆ ಅಂತ ಭತ್ತದ ಹೆಸರು ಬರೆದ. ಬಣ್ಣ ಬದಲಿಸಿದ. ಮೂರು ದಿನದ ಕೆಲಸ. ಅದರೊಳಗಿದ್ದ ಜಾಹೀರಾತನ್ನು ತೆಗೆಯಲೂ ಇಲ್ಲ.

ಆ ಫೋನ್ ಕರೆಯಾದ ಮಾರನೇ ಬೆಳಿಗ್ಗೆ ಮೊದಲು ಮಾಡಿದ ಕೆಲಸವೆಂದರೆ, ಜಾಹೀರಾತು ಕಿತ್ತುಹಾಕಿ ಹೊಸ ಅಪ್‌ಡೇಟ್ ಕಳಿಸಿದ್ದು. ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಗೊತ್ತಾಗದೇ ಇದ್ದದ್ದೇ ಅವನನ್ನು ತಿನ್ನತೊಡಗಿತು.

ಸ್ಪಂದನ ಈಗ ದಿನವೂ ಫೋನ್ ಮಾಡುತ್ತಿದ್ದಳು. "ಪೇಟ ನಿಮಗೆ ಒಪ್ಪೋದಿಲ್ಲ ಬಿಡಿ, ಕಿವಿ ದೊಡ್ಡದು" ಅನ್ನುತ್ತಿದ್ದಳು. "ಇಷ್ಟು ನಾಚಿಕೆ ಇರೋರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು ಮಾರಾಯ್ರೇ?" ಅನ್ನುತ್ತಿದ್ದಳು. ಅವನು ಹ್ಞೂಂ ಅನ್ನುತ್ತಿದ್ದ. ಫೋನ್ ಇಟ್ಟ ಮೇಲೆ ಗೋಡೆಗೆ ಹಾಕಿದ್ದ ಕನ್ನಡಿಯ ಕಡೆಗೆ ಬೆನ್ನು ಮಾಡಿ ಕೂರುತ್ತಿದ್ದ. ಅವಳು ಇಷ್ಟಪಟ್ಟದ್ದು ಏನನ್ನು? ತಾನು ಮಾಡದ ಒಂದು ತುಂಟತನವನ್ನು. ತಾನು ಮಾಡಿದ್ದು ಗೊತ್ತಾದರೆ?

ಶುಕ್ರವಾರ ಬರಲು ಹೇಳಿದಳು. "ಸಂಘದೋರಿಗೆ ನಿಮ್ಮನ್ನ ನೋಡಬೇಕಂತೆ. ಅಮ್ಮನಿಗೂ."

ಹೊಸಬಾಳೆಯ ಆ ಮನೆಯ ಜಗಲಿಯಲ್ಲಿ ಮಧ್ಯಾಹ್ನ ಮೂರಕ್ಕೇ ಚಾಪೆ ಹಾಸಿತ್ತು. ಬೆಲ್ಲದ ಕಾಫಿ ಕೊಟ್ಟರು. ಹೆಂಗಸರು ಕಿಸಕ್ಕೆಂದರು, ಮೊಣಕೈಯಲ್ಲಿ ಒಬ್ಬರನ್ನೊಬ್ಬರು ತಿವಿದರು. ಸ್ಪಂದನ ಬಾಗಿಲಿನ ಹತ್ತಿರ ನಿಂತು ಅವನನ್ನು ನೋಡದೇ ನೋಡುತ್ತಿದ್ದಳು. ಹಸಿರು ಚೂಡಿದಾರ್. ಜಡೆಯ ತುದಿಯನ್ನು ಬೆರಳಿಗೆ ಸುತ್ತುವುದು, ಬಿಡುವುದು. ಇನ್ನೊಂದು ದಿನವಾಗಿದ್ದರೆ ಆ ಬೆರಳನ್ನು ನೋಡಿಯೇ ಅವನು ಮೂರು ರಾತ್ರಿ ನಿದ್ದೆ ಬಿಡುತ್ತಿದ್ದ.

ಲೋಕಮ್ಮ ಟ್ಯಾಬನ್ನು ಚಾಪೆಯ ನಡುವೆ ಅಡ್ಡಡ್ಡ ಮಲಗಿಸಿದರು. ಈ ಹೆಂಗಸರು ಟ್ಯಾಬ್ ಬಳಸುತ್ತಿದ್ದುದೇ ಹಾಗೆ. ಒಬ್ಬರ ಕೈಯಲ್ಲಿ ಹಿಡಿದು ನೋಡುವ ವಸ್ತುವಲ್ಲ ಅದು, ಎಲ್ಲರೂ ಬಗ್ಗಿ ಒಟ್ಟಿಗೆ ನೋಡುವಂಥದ್ದು, ಎಲೆಯಡಿಕೆ ತಟ್ಟೆ ಇದ್ದ ಹಾಗೆ. ತೀರ್ಥೇಶನ ಆ್ಯಪ್ ಫೋನಿನದಲ್ಲವೇ? ಅಡ್ಡ ಇಟ್ಟರೂ ಅದು ತಿರುಗಲಿಲ್ಲ. ನಡುವೆ ನಾಲ್ಕು ಬೆರಳಗಲದ ಪಟ್ಟಿ, ಎರಡೂ ಬದಿ ಕಪ್ಪು. ಅಕ್ಷರಗಳು ಅಡ್ಡಡ್ಡ ಮಲಗಿದ್ದವು. ಹದಿನೆಂಟು ಹೆಂಗಸರೂ ಒಟ್ಟಿಗೆ ಕತ್ತು ವಾಲಿಸಿದರು.

"ಯಾವಾಗಲೂ ಹೀಗೇ ನೋಡ್ತೀರಾ?" ಅವನ ದನಿ ಸಣ್ಣಗಾಯಿತು.

"ಹ್ಞೂಂ ಮತ್ತೆ," ಅಂದರು ಲೋಕಮ್ಮ. "ನಮ್ ಕಣ್ಣೇ ಸರಿ ಇಲ್ಲ ತಮ್ಮಾ. ಓದಿದೋರಾಗಿದ್ರೆ ನೆಟ್ಟಗೆ ಕಾಣ್ತಿತ್ತೇನೋ. ನಿಂದೆಂತ ತಪ್ಪಿಲ್ಲ ಬಿಡು."

"ಅಭ್ಯಾಸ ಆಗ್ತದೆ ಅತ್ತೆ," ಸ್ಪಂದನ ಬಾಗಿಲಿನಿಂದಲೇ ಅಂದಳು. "ಇವರು ನಮಗೋಸ್ಕರ ಟ್ಯಾಬಿಗೇ ಅಂತ ಮೊದಲಿಂದ ಬರೆದಿದ್ದು. ಎಷ್ಟು ಕಷ್ಟ ಗೊತ್ತಾ?"

ಹೆಮ್ಮೆಯಿಂದ ಹೇಳಿದಳು. ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎದುರಿಗೆ ಕೂತ ಮುದುಕಿಯೊಬ್ಬಳು ಕತ್ತು ವಾಲಿಸಿ, ಕಣ್ಣು ಕಿರಿದು ಮಾಡಿ, ತನ್ನ ಹೆಸರನ್ನೇ ಹುಡುಕುತ್ತಿದ್ದಳು. ಸಿಗಲಿಲ್ಲವೆಂದು ತನ್ನನ್ನೇ ಬೈದುಕೊಂಡಳು. ಸಾಕು, ಅಂದುಕೊಂಡ ತೀರ್ಥೇಶ. ಕಾಫಿ ಲೋಟ ಕೆಳಗಿಟ್ಟ.

"ಅಮ್ಮಾ, ನಿಮ್ ಕಣ್ಣು ಸರಿ ಅದಾವು. ನಾನು ಸರಿ ಇಲ್ಲ."

ಎಲ್ಲರೂ ತಲೆ ಎತ್ತಿದರು.

"ಇದನ್ನ ಟ್ಯಾಬಿಗೆ ಅಂತ ಬರ್ದಿಲ್ರೀ. ನನ್ನ ಹಳೇ ಫೋನ್ ಆ್ಯಪ್ ಇತ್ತು, ಅದನ್ನೇ ತಂದು ಕೂರಿಸೀನಿ. ತಮ್ಮನ ಅಂಗಿ ಅಣ್ಣಗೆ ತೊಡಿಸ್ದಂಗೆ. ಜಾಹೀರಾತೂ ಅದ್ರಾಗೇ ಇತ್ತು. ಮರ್ತು ಬಿಟ್ಟೆ ಅಂದ್ರ ಅದೂ ಸುಳ್ಳಾಗ್ತೈತಿ. ಮೊದ್ಲು ಸೋಮಾರಿತನ. ಆಮೇಲೆ ಅದ್ರಿಂದ ದುಡ್ಡು ಬರೋದು ಕಾಣಿಸ್ತು, ಗೊತ್ತಿದ್ದೂ ಸುಮ್ಮನಿದ್ದೆ. ನಿಮ್ ಕಡಿಂದನೂ ತಗೊಂಡೆ, ಜಾಹೀರಾತಿನೋರ ಕಡಿಂದನೂ ತಗೊಂಡೆ."

"ಎಷ್ಟು ಬಂತು?" ಅಂದರು ವರದಮ್ಮ.

"ಇನ್ನೂರ ಹನ್ನೆರಡು ರೂಪಾಯಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದ. ವರದಮ್ಮನವರು ಮಗಳನ್ನೊಮ್ಮೆ ನೋಡಿ, ಮತ್ತೆ ಅವನ ಕಡೆ ತಿರುಗಿದರು.

"ಅಂದ್ರೆ ಆವತ್ತು ಬಂದ ವರ? ಅದೂ ನೀನು ಇಟ್ಟಿದ್ದಲ್ವೇನಪ್ಪ?"

ಬಾಗಿಲಿನ ಹತ್ತಿರ ಜಡೆ ಸುತ್ತುತ್ತಿದ್ದ ಬೆರಳು ನಿಂತಿತು. ಈಗಲೂ 'ನಾನೇ ಇಟ್ಟಿದ್ದು' ಅಂದುಬಿಟ್ಟರೆ ಅರ್ಧ ಮಾನ ಉಳಿಯುತ್ತಿತ್ತು. ಅವಳೂ ಉಳಿಯುತ್ತಿದ್ದಳು.

"ಅಲ್ಲಮ್ಮ. ಯಾವ ಜಾಹೀರಾತು ಬರಬೇಕು ಅನ್ನೋದು ನನ್ ಕೈಯಾಗಿರಲ್ಲ."

ಸ್ಪಂದನ ಚಪ್ಪಲಿ ಕೂಡ ಮೆಟ್ಟದೆ ಹೊರಗೆ ನಡೆದಳು.

ವರದಮ್ಮ ನಿಟ್ಟುಸಿರು ಬಿಟ್ಟರು. "ಸೋಮವಾರ ಆನವಟ್ಟಿಯಿಂದ ಗಂಡಿನ ಕಡೆಯೋರು ಬಂದಿದ್ರು. ಒಳ್ಳೇ ಜನ. ಇವಳು ಬೇಡ ಅಂದ್ಲು. ಎಂತಕ್ಕೆ ಅಂದ್ರೆ ನಿನ್ನ ಹೆಸರು ಹೇಳಿದ್ಲು. ಹುಡುಗ ಕೇಳಿದ್ದಾನೆ, ನಾನು ಒಪ್ಪಿದೀನಿ ಅಂದ್ಲು."

ತನ್ನ ನಾಚಿಕೆ ತನ್ನೊಬ್ಬನದೇ ಅಂದುಕೊಂಡಿದ್ದ ತೀರ್ಥೇಶ. ತನ್ನ ಒಂದು ಮೌನಕ್ಕೆ ಅವಳು ಇಡೀ ಊರಿನ ಮುಂದೆ ತಲೆ ತಗ್ಗಿಸುವ ಹಾಗಾಯಿತಲ್ಲ!

"ಹೊಸದಾಗಿ ಬರ್ದು ಕೊಡ್ತೀನಮ್ಮ. ಇಲ್ಲೇ ಚಾಪೆ ಮ್ಯಾಲೆ ಕೂತು, ನಿಮಗೆ ಕಾಣೋ ಹಂಗೆ."

"ಅದನ್ನ ಆಮೇಲೆ ನೋಡಾಣ. ಮೊದಲು ಹೊರಗೆ ಹೋಗು."

ಅವಳು ಕಣದ ಅಂಚಿನಲ್ಲಿ, ಹುಲ್ಲಿನ ಬಣವೆಗೆ ಬೆನ್ನು ಕೊಟ್ಟು, ಒಂದು ಮರದ ದಿಮ್ಮಿಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಮುಖ ಮಾತ್ರ ಕೆಂಪಗಾಗಿತ್ತು.

"ಹೋಗಿ ಇಲ್ಲಿಂದ. ನೀವು ಮೋಸ ಮಾಡಿದ್ದಕ್ಕಲ್ಲ. ನಾನೆಷ್ಟು ಪೆದ್ದಿ ಅಂತ ತೋರಿಸಿಬಿಟ್ರಲ್ಲ, ಅದಕ್ಕೆ. ಯಾವುದೋ ಕಂಪನಿ ಯಾರಿಗೋ ಕಳಿಸಿದ್ದನ್ನ ನನಗೇ ಅಂದ್ಕೊಂಡು ಒಂದು ವಾರ ಕುಣಿದೆ."

"ಪೆದ್ದ ನಾನ್ರೀ. ನೀವು ಫೋನ್ ಮಾಡಿ ಬೈದಾಗ ಅಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಯಾಕಂದ್ರ ನೀವು ಹಂಗೆ ತಿಳ್ಕೊಂಡಿದ್ದು ನನಗೆ ಎಷ್ಟು ಚೊಲೋ ಅನ್ನಿಸ್ತು ಅಂದ್ರ, ಅಲ್ಲ ಅನ್ನಾಕೆ ಬಾಯೇ ಬರಲಿಲ್ಲ. ಜೆರಾಕ್ಸ್ ಅಂಗಡ್ಯಾಗೆ ನೀವು ಹುಬ್ಬು ಹಾರಿಸಿದ್ರಲ್ಲ, ಆವತ್ತಿಂದ ನನಗೆ ನೀವಂದ್ರ ಪ್ರಾಣ. ಕೇಳೋ ಧೈರ್ಯ ಇರಲಿಲ್ಲ. ಈಗ ಕೇಳೋ ಯೋಗ್ಯತೆನೂ ಇಲ್ಲ. ಆದ್ರೂ ಹೇಳಾಕ ಬಂದೀನಿ."

ಜಗಲಿಯ ಕಿಟಕಿಯಲ್ಲಿ ಐದಾರು ಮುಖಗಳು ಕಾಣಿಸಿಕೊಂಡು, ವರದಮ್ಮ ಗದರಿದ ಮೇಲೆ ಮಾಯವಾದವು.

"ನನಗೆ ಸಿಟ್ಟು ಬಂದಿದೆ," ಅಂದಳು ಕೊನೆಗೆ.

"ಗೊತ್ತೈತ್ರೀ. ಹೋಗ್ತೀನಿ."

ಅವನು ನಾಲ್ಕು ಹೆಜ್ಜೆ ಹೋಗಿರಬಹುದು.

"ರೀ."

ನಿಂತ.

"ಸಿಟ್ಟಲ್ಲಿರೋರನ್ನ ಒಬ್ಬರನ್ನೇ ಬಿಟ್ಟು ಹೋಗ್ತಾರಾ ಯಾರಾದ್ರೂ?"

ತೀರ್ಥೇಶ ಹಿಂದಿರುಗಿ ಬಂದ. ದಿಮ್ಮಿಯ ಆ ತುದಿಯಲ್ಲಿ, ನಡುವೆ ಒಂದು ಮೊಳ ಜಾಗ ಬಿಟ್ಟು, ತಲೆ ತಗ್ಗಿಸಿ ಕೂತ.

"ಮಾತಾಡಬೇಡಿ," ಅಂದಳು.

"ಇಲ್ರೀ."

"ಅದೂ ಮಾತೇ."

ಅವನು ಬಾಯಿ ಮುಚ್ಚಿಕೊಂಡ. ಅವಳು ಮುಖವನ್ನು ಆ ಕಡೆಗೆ ತಿರುಗಿಸಿಕೊಂಡೇ ಇದ್ದಳು, ಆದರೆ ಎದ್ದು ಹೋಗಲಿಲ್ಲ.